ಗಿಯರ್‌ಬಾಕ್ಸ್ ಇಳಿಸುವ ಮೊದಲು

ನನ್ನ ಕಾರು ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಪೆಟ್ರೋಲ್ ಗಾಡಿ. ನಾಲ್ಕು ಗಿಯರಿನ ಹಳೇ ನಮೂನೆಯ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗಿಯರಿಗೆ ದಾಟಿಸುವ ಭಾಗ) ಇರುವಂಥದ್ದು. ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ದಿನಾ ಇಪ್ಪತ್ತು ಕಿಲೋಮೀಟರ್ ಹೋಗಬೇಕು, ಅಷ್ಟೇ ವಾಪಸ್ ಬರಬೇಕು. ಗಿಯರ್ ತೊಂದರೆ ಕೊಡಲು ಶುರುವಾದಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಮಾರಿಬಿಡಿ. ನಾನು ಮಾರಲಿಲ್ಲ. ಗಿಯರ್‌ಬಾಕ್ಸ್ ಕೆಳಗಿಳಿಸಿ ಬಿಚ್ಚದೆಯೇ ಗಾಡಿ ಮತ್ತೆ ರಸ್ತೆಗೆ ಬಂತು. ನಮ್ಮ ಕಡೆ ಹಳೇ ಆಟೋಮ್ಯಾಟಿಕ್ ಕೊಂಡವರು ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಲಕ್ಷಣ ಸಣ್ಣದು. ಬೆಳಿಗ್ಗೆ ತಣ್ಣಗಿರುವ ಗಾಡಿಯನ್ನು ರಿವರ್ಸ್‌ಗೆ ಹಾಕಿದರೆ ಕೂಡಲೇ ಹಿಡಿಯುತ್ತಿರಲಿಲ್ಲ. ಒಂದೆರಡು ಸೆಕೆಂಡ್ ಸುಮ್ಮನಿದ್ದು, ಆಮೇಲೆ ದಡ್ ಅಂತ ಹಿಡಿಯುತ್ತಿತ್ತು. ಸ್ವಲ್ಪ ದಿನದಲ್ಲಿ ಎರಡನೇ ಗಿಯರಿನಿಂದ ಮೂರಕ್ಕೆ ಹೋಗುವಾಗ ಎಂಜಿನ್ ಮಾತ್ರ ಗುಂಯ್ ಅಂತ ಏರತೊಡಗಿತು, ವೇಗ ಏರುತ್ತಿರಲಿಲ್ಲ. ಉಣಕಲ್‌ನ ನೃಪತುಂಗ ಬೆಟ್ಟ ಹತ್ತುವಾಗ ಇದು ಚೆನ್ನಾಗಿ ಗೊತ್ತಾಗುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ, ಬೆಳಗಾವಿಯಿಂದ ಬರುತ್ತಿದ್ದಾಗ ತೇಗೂರಿನ ಹತ್ತಿರ ಓವರ್‌ಡ್ರೈವ್ (ನಾಲ್ಕನೇ ಗಿಯರಿನ) ದೀಪ ಮಿಣುಕತೊಡಗಿತು. ಗಾಡಿ ಮೂರನೇ ಗಿಯರಿನಲ್ಲೇ ಸಿಕ್ಕಿಕೊಂಡಿತು. ಗಿಯರ್‌ಬಾಕ್ಸಿನ ಕಂಪ್ಯೂಟರಿಗೆ ಏನೋ ಸರಿಯಿಲ್ಲ ಅಂತ ಕಂಡಾಗ ಅದು ಹೀಗೆ ಒಂದೇ ಗಿಯರನ್ನು ಹಿಡಿದುಕೊಂಡು ಕೂರುತ್ತದೆ. ಒಳಗಿನ ಭಾಗಗಳು ಸುಡದಿರಲಿ ಅಂತ ಮಾಡಿಟ್ಟ ವ್ಯವಸ್ಥೆ ಅದು. ಹಾಗಾಗಿ ಹೆದರದೆ, ಆಕ್ಸಿಲರೇಟರ್ ಒತ್ತಿ ಹಿಡಿಯದೆ ಮನೆ ತನಕ ಬಂದೆ.

ಮರುದಿನ ಒಂದು ಗ್ಯಾರೇಜಿಗೆ ಹೋದರೆ, ಒಂದು ಸುತ್ತು ಓಡಿಸಿ ನೋಡಿ "ಗಿಯರ್‌ಬಾಕ್ಸ್ ಹೋಗಿದೆ, ಪೂರ್ತಿ ಇಳಿಸಬೇಕು" ಅಂದರು. ಖರ್ಚು ಒಂದೂಕಾಲು ಲಕ್ಷ. ಗಾಡಿ ಮಾರಿದರೂ ಅಷ್ಟು ಬರುವುದಿಲ್ಲ. ಅವರು ಎಣ್ಣೆಯ ಕಡ್ಡಿಯನ್ನೂ ಎಳೆದು ನೋಡಿರಲಿಲ್ಲ, ದೋಷದ ಕೋಡ್ ಓದುವ ಸ್ಕ್ಯಾನರ್ ಕೂಡ ಹಾಕಿರಲಿಲ್ಲ. ನೋಡದೆ ಲಕ್ಷ ರೂಪಾಯಿಯ ತೀರ್ಪು ಕೊಡುವುದು ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಗೋಕುಲ ರಸ್ತೆಯಲ್ಲೇ ನನಗೆ ಗುರುತಿನ ಒಬ್ಬ ಮಿಸ್ತ್ರಿ ಇದ್ದಾರೆ. ಅವರು ಬಾನೆಟ್ ಎತ್ತುತ್ತಲೇ ಹೇಳಿದರು: "ಇಳಿಸೂದು ಕಡೀಕ್ ಮಾಡೂ ಕೆಲಸರಿ ಸರ. ಮೊದ್ಲ ಎಣ್ಣಿ ಏನ್ ಹೇಳತೈತಿ ನೋಡೂಣು."

ಈ ಗಿಯರ್‌ಬಾಕ್ಸ್‌ಗಳಲ್ಲಿ ಎಣ್ಣೆ ಬರೀ ಜಾರಿಕೆಗೆ ಇರುವುದಲ್ಲ. ಎಂಜಿನ್ನಿನ ಶಕ್ತಿ ಗಿಯರಿಗೆ ದಾಟುವುದು ಎಣ್ಣೆಯ ಮೂಲಕ. ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದು ಎಣ್ಣೆಯ ಒತ್ತಡ. ಬಿಸಿಯನ್ನು ಹೊರಗೆ ಒಯ್ಯುವುದೂ ಎಣ್ಣೆಯೇ. ಅದು ಕೆಟ್ಟರೆ ಒಳಗೆ ಏನೂ ಮುರಿಯದಿದ್ದರೂ ಗಿಯರ್ ಜಾರುತ್ತದೆ (ಎಂಜಿನ್ ಏರಿದರೂ ವೇಗ ಏರುವುದಿಲ್ಲ), ತಡವಾಗಿ ಹಿಡಿಯುತ್ತದೆ.

ನನ್ನ ಗಾಡಿಯಲ್ಲಿ ಎಣ್ಣೆ ನೋಡುವ ಕ್ರಮ ಹೀಗೆ: ಸ್ವಲ್ಪ ದೂರ ಓಡಿಸಿ ಬಿಸಿ ಮಾಡಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು, ಎಲ್ಲ ಗಿಯರಿಗೂ ಒಮ್ಮೆ ಹಾಕಿ ಪಾರ್ಕ್‌ಗೆ ತರಬೇಕು. ಎಂಜಿನ್ ಚಾಲೂ ಇರುವಾಗಲೇ ಕಡ್ಡಿ ಎಳೆಯಬೇಕು. ಕೆಲವು ಕಂಪನಿಗಳ ಗಾಡಿಯಲ್ಲಿ ಎಂಜಿನ್ ಆಫ್ ಮಾಡಿ ನೋಡಬೇಕು, ಕೆಲವಕ್ಕೆ ಕಡ್ಡಿಯೇ ಇರುವುದಿಲ್ಲ. ಹಾಗಾಗಿ ನಿಮ್ಮ ಗಾಡಿಯ ಪುಸ್ತಕ ನೋಡಿಯೇ ಮಾಡಿ. ಕಡ್ಡಿಯ ತುದಿಯಿಂದ ಒಂದು ಹನಿಯನ್ನು ಬಿಳಿ ಟಿಶ್ಯೂ ಪೇಪರಿನ ಮೇಲೆ ಬಿಟ್ಟೆವು. ಹೊಸ ಎಣ್ಣೆ ತಿಳಿಯಾದ ಕೆಂಪು. ನಮ್ಮದು ಜಾಸ್ತಿ ಕುದ್ದ ಚಹಾದ ಬಣ್ಣಕ್ಕೆ ತಿರುಗಿತ್ತು. ಮಿಸ್ತ್ರಿ ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದರು. "ಕರ್ರಗ ಆಗೇತಿ, ಆದ್ರ ಸುಟ್ಟ ವಾಸನಿ ಇಲ್ಲ ನೋಡ್ರಿ." ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಬೆಂದಿವೆ ಅಂತ ಲೆಕ್ಕ. ಎಣ್ಣೆ ಗುಲಾಬಿ ಹಾಲಿನಂತಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಸೋರಿ ಕೂಲೆಂಟ್ ಬೆರೆತಿದೆ ಅಂತ. ಎರಡೂ ಇರಲಿಲ್ಲ.

ಆಮೇಲೆ ಕೆಳಗಿನ ಪ್ಯಾನ್ (ಎಣ್ಣೆ ನಿಲ್ಲುವ ತಟ್ಟೆ) ಬಿಚ್ಚಿದೆವು. ಎಣ್ಣೆಯಷ್ಟೇ ಬಸಿದು ಬಿಟ್ಟರೆ ಈ ಸಾಕ್ಷಿ ಸಿಗುವುದಿಲ್ಲ. ಪ್ಯಾನಿನ ತಳದಲ್ಲಿ ಸಣ್ಣ ಆಯಸ್ಕಾಂತಗಳಿರುತ್ತವೆ. ಅವುಗಳ ಮೇಲೆ ಬೂದು ಬಣ್ಣದ ನುಣುಪಾದ ಕೆಸರು ಮೆತ್ತಿತ್ತು. ಬೆರಳಲ್ಲಿ ತಿಕ್ಕಿದರೆ ಮುಲಾಮಿನ ಹಾಗೆ ಜಾರಿತು, ಚುಚ್ಚಲಿಲ್ಲ. ಇಷ್ಟು ಓಡಿದ ಗಾಡಿಯಲ್ಲಿ ಅದು ಸಹಜ ಸವಕಳಿ. ಹೊಳೆಯುವ ಲೋಹದ ಚೂರು ಸಿಕ್ಕಿದ್ದರೆ ಅಲ್ಲೇ ಕೆಲಸ ನಿಲ್ಲಿಸಬೇಕಿತ್ತು. ಆಗ ಎಣ್ಣೆಗೆ ಹಾಕುವ ದುಡ್ಡೂ ದಂಡ. ಎಣ್ಣೆ ಹೀರುವ ಜಾಲರಿ ಫಿಲ್ಟರ್ ಮಾತ್ರ ಅರ್ಧಕ್ಕರ್ಧ ಕಟ್ಟಿಕೊಂಡಿತ್ತು. ತಣ್ಣಗಿದ್ದಾಗ ಎಣ್ಣೆ ಗಟ್ಟಿ. ಆಗ ಕಟ್ಟಿದ ಜಾಲರಿಯಿಂದ ಪಂಪು ಹೀರಲು ತಡವಾಗುತ್ತದೆ. ಬೆಳಗಿನ ರಿವರ್ಸ್ ತಡಕ್ಕೆ ಕಾರಣ ಕೈಗೆ ಸಿಕ್ಕಿತು.

ಗಿಯರ್‌ಬಾಕ್ಸ್ ಒಟ್ಟು ಹಿಡಿಯುವುದು ಏಳೂವರೆ ಲೀಟರ್. ಬಸಿದಾಗ ಬಂದದ್ದು ಮೂರೂವರೆಗಿಂತ ಸ್ವಲ್ಪ ಕಡಿಮೆ. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಪೈಪುಗಳಲ್ಲೇ ಉಳಿಯುತ್ತದೆ. ಅಂದರೆ ಒಂದು ಸಲ ಬದಲಿಸಿದರೆ ಅರ್ಧದಷ್ಟೂ ಹೊಸದಾಗುವುದಿಲ್ಲ. ಬದಲಿಸಿ, ಕೆಲವು ದಿನ ಓಡಿಸಿ, ಮತ್ತೆ ಬದಲಿಸಬೇಕು. ಮೂರು ಸಲ ಮಾಡಿದರೆ ಐದರಲ್ಲಿ ನಾಲ್ಕು ಪಾಲು ಹೊಸ ಎಣ್ಣೆ ಆಗುತ್ತದೆ. ಮಷಿನ್ ಹಚ್ಚಿ ಒತ್ತಡದಲ್ಲಿ ಒಮ್ಮೆಲೇ ತೊಳೆಯುವ ಪದ್ಧತಿಯೂ ಇದೆ. ವರ್ಷಗಟ್ಟಲೆ ಎಣ್ಣೆ ಬದಲಿಸದ ಗಿಯರ್‌ಬಾಕ್ಸ್‌ಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಎಲ್ಲೋ ಕೂತಿದ್ದ ಕೆಸರು ಎದ್ದು ವಾಲ್ವ್ ಬಾಡಿಯ (ಎಣ್ಣೆಯನ್ನು ಬೇಕಾದ ಕ್ಲಚ್‌ಗೆ ಹಂಚುವ ಭಾಗ) ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡರೆ ಇದ್ದದ್ದೂ ಹೋಗುತ್ತದೆ.

ಎಣ್ಣೆ ಕೊಳ್ಳುವಾಗ "ಎಲ್ಲಾ ಗಾಡಿಗೂ ಆಗತೈತಿ" ಅನ್ನುವ ಡಬ್ಬಿ ಬೇಡ. ಪುಸ್ತಕದಲ್ಲಿ ಯಾವ ದರ್ಜೆ ಬರೆದಿದೆಯೋ ಅದೇ ಬೇಕು. ಸಿವಿಟಿಯ (ಗಿಯರಿನ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಎಣ್ಣೆಯೇ ಬೇರೆ, ಅದಕ್ಕೆ ಇದನ್ನು ಹಾಕಿದರೆ ಬೆಲ್ಟ್ ಹಾಳಾಗುತ್ತದೆ. ಈಗ ಸಣ್ಣ ಕಾರುಗಳಲ್ಲಿ ಬರುವ ಎಎಂಟಿ ಅಂತೂ ಒಳಗೆ ಮಾಮೂಲಿ ಗಿಯರ್‌ಬಾಕ್ಸೇ. ಕ್ಲಚ್ ಒತ್ತುವ, ಗಿಯರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ನಾನು ಇಲ್ಲಿ ಹೇಳುತ್ತಿರುವುದು ಅವೆರಡಕ್ಕೂ ಹೊಂದುವುದಿಲ್ಲ.

ಹೊಸ ಫಿಲ್ಟರ್, ಹೊಸ ಎಣ್ಣೆ ಬಿದ್ದ ಮೇಲೆ ಜಾರುವುದು ತುಂಬಾ ಕಡಿಮೆಯಾಯಿತು. ಆದರೆ ದೀಪ ಮಿಣುಕುವುದು ನಿಲ್ಲಲಿಲ್ಲ. ಅದೂ ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ. ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಬಂದವು, ಪಿ0700 ಮತ್ತು ಪಿ0755. ಮೊದಲನೆಯದು ಗಿಯರ್‌ಬಾಕ್ಸ್ ಕಡೆ ಏನೋ ದೋಷ ಇದೆ ಅನ್ನುವ ಸಾಮಾನ್ಯ ಸೂಚನೆ. ಅದನ್ನೇ ತೋರಿಸಿ ಗಿಯರ್‌ಬಾಕ್ಸ್ ಹೋಗಿದೆ ಅಂದರೆ ಒಪ್ಪಬೇಡಿ. ಎರಡನೆಯದು ಬಿ ಶಿಫ್ಟ್ ಸೊಲೆನಾಯ್ಡ್ ಅಂತ ಹೆಸರು ಹಿಡಿದು ಹೇಳುತ್ತದೆ. ಸೊಲೆನಾಯ್ಡ್ ಅಂದರೆ ಕರೆಂಟ್ ಬಂದಾಗ ಎಣ್ಣೆಯ ದಾರಿ ತೆಗೆದು ಮುಚ್ಚುವ ಪುಟ್ಟ ಕವಾಟ.

ನನ್ನ ಗಾಡಿಯಲ್ಲಿ ಅದು ಪ್ಯಾನ್ ಬಿಚ್ಚಿದರೆ ಕೈಗೆ ಸಿಗುತ್ತದೆ. ಹೊರಗೆ ತೆಗೆದು ಮಲ್ಟಿಮೀಟರ್ ಹಿಡಿದರೆ 13 ಓಮ್ ತೋರಿಸಿತು. ಪುಸ್ತಕದ ಪ್ರಕಾರ 11ರಿಂದ 15 ಇರಬೇಕು. ಎಲ್ಲಾ ಸರಿ ಇದೆಯಲ್ಲ! ಮಿಸ್ತ್ರಿಗೆ ಸಮಾಧಾನವಾಗಲಿಲ್ಲ. "ಬಿಸಿ ಆದಾಗ ಕೆಡೂ ಮಾಲನ್ನ ತಣ್ಣಗಿದ್ದಾಗ ನೋಡಿದ್ರ ಏನ್ ಸಿಗತೈತ್ರಿ?" ಅಂದರು. ಮರುದಿನ ಮನೆಯಿಂದ ಹೇರ್ ಡ್ರೈಯರ್ ಒಯ್ದೆ. ಮೀಟರಿನ ಎರಡೂ ವೈರು ಹಿಡಿದುಕೊಂಡೇ ಬಿಸಿ ಗಾಳಿ ಬಿಟ್ಟೆವು. 13 ಇದ್ದದ್ದು ಮೆಲ್ಲಗೆ 14 ದಾಟಿತು. ಬಿಸಿಯಾದರೆ ಅಷ್ಟು ಏರುವುದು ಸಹಜ. ಇನ್ನೂ ಸ್ವಲ್ಪ ಹೊತ್ತಿಗೆ ಅಂಕಿಯೇ ಮಾಯ, ಸರ್ಕ್ಯೂಟ್ ಕಡಿದಿದೆ ಅಂತ ಮೀಟರ್ ತೋರಿಸಿತು. ಆರಲು ಬಿಟ್ಟರೆ ಮತ್ತೆ 13. ಒಳಗಿನ ತಂತಿ ಎಲ್ಲೋ ಬಿರುಕು ಬಿಟ್ಟಿತ್ತು, ಬಿಸಿಯಾದಾಗ ಬೇರೆಯಾಗುತ್ತಿತ್ತು. ಒಂದೂಕಾಲು ಲಕ್ಷದ ರೋಗ ಹೆಬ್ಬೆರಳಿನಷ್ಟು ದೊಡ್ಡ ಭಾಗದಲ್ಲಿತ್ತು! ಹೊಸ ಸೊಲೆನಾಯ್ಡ್ ತರಿಸಿ ಹಾಕಿದೆವು, ದೀಪ ಆರಿತು.

ಈ ಕೆಲಸದಲ್ಲಿ ಧೂಳು ದೊಡ್ಡ ಶತ್ರು. ನಮ್ಮ ಊರಿನ ಧೂಳು ಗೊತ್ತೇ ಇದೆಯಲ್ವಾ? ಶಟರ್ ಇಳಿಸಿಯೇ ಕೆಲಸ ಮಾಡಿದೆವು. ನೂಲು ಬಿಡುವ ಬಟ್ಟೆಯಿಂದ ಒರೆಸಲೇಬಾರದು. ಒಳಗಿನ ಬೋಲ್ಟ್‌ಗಳು ಬೇರೆ ಬೇರೆ ಉದ್ದದವು. ಅವುಗಳನ್ನು ರಟ್ಟಿನ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಟ್ಟೆ. ಬಿಗಿ ಮಾಡುವಾಗ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಬೇಕೇ ಬೇಕು. ಅಲ್ಯೂಮಿನಿಯಂನಲ್ಲಿ ಹೆಚ್ಚು ಬಿಗಿದರೆ ಬೋಲ್ಟ್ ಕೂರುವ ತೂತಿನ ಥ್ರೆಡ್ ಹೋಗುತ್ತದೆ.

ಓಡಿಸುವ ರೀತಿಯನ್ನೂ ಬದಲಿಸಿಕೊಂಡಿದ್ದೇನೆ. ಕಾರವಾರದ ಕಡೆಯಿಂದ ಬರುವಾಗ ಅರಬೈಲ್ ಘಾಟಿನಲ್ಲಿ ಓವರ್‌ಡ್ರೈವ್ ಆಫ್ ಮಾಡುತ್ತೇನೆ. ಇಲ್ಲದಿದ್ದರೆ ಏರಿನಲ್ಲಿ ಮೂರು ನಾಲ್ಕರ ನಡುವೆ ಗಿಯರ್ ತೂಗಾಡುತ್ತಾ ಎಣ್ಣೆ ಬಿಸಿಯಾಗುತ್ತದೆ. ಚೆನ್ನಮ್ಮ ವೃತ್ತದಲ್ಲಿ ಬಹಳ ಹೊತ್ತು ನಿಲ್ಲಬೇಕಾದರೆ ನ್ಯೂಟ್ರಲ್‌ಗೆ ಹಾಕುತ್ತೇನೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಪಾರ್ಕ್. ಇಲ್ಲದಿದ್ದರೆ ಗಾಡಿಯ ಭಾರವೆಲ್ಲ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಗಾಡಿ ನಿಂತೇಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಇದ್ದರೆ ಎಣ್ಣೆ ಪಂಪು ತಿರುಗುವುದಿಲ್ಲ, ಚಕ್ರ ತಿರುಗಿದಷ್ಟೂ ಗಿಯರ್ ಒಣಗಿ ಸವೆಯುತ್ತದೆ. ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿ.

ಚಳಿಗಾಲದ ಬೆಳಿಗ್ಗೆ ರಿವರ್ಸ್ ಈಗಲೂ ಅರೆಕ್ಷಣ ತಡ ಮಾಡುತ್ತದೆ. ಅದು ಒಳಗಿನ ರಬ್ಬರ್ ಸೀಲುಗಳ ವಯಸ್ಸು, ಎಣ್ಣೆ ಬದಲಿಸಿದರೆ ಹೋಗುವುದಿಲ್ಲ. ಮಿಸ್ತ್ರಿ ಜೊತೆ ಕೂತು ಒಂದು ಗೆರೆ ಹಾಕಿಕೊಂಡಿದ್ದೇನೆ. ಬಿಸಿಯಾದ ಗಾಡಿ ಮೂರನೇ ಗಿಯರಿನಲ್ಲಿ ಮತ್ತೆ ಜಾರಿದರೆ, ಇಲ್ಲವೇ ಎಣ್ಣೆಯಲ್ಲಿ ಸುಟ್ಟ ವಾಸನೆ ಬಂದರೆ, ಅವತ್ತೇ ಓಡಿಸುವುದನ್ನು ನಿಲ್ಲಿಸಿ ಗಿಯರ್‌ಬಾಕ್ಸ್ ಇಳಿಸುವುದು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಕಡ್ಡಿ ಎಳೆದು, ಟಿಶ್ಯೂ ಮೇಲೆ ಹನಿ ಬಿಟ್ಟು, ತಾರೀಖು ಬರೆದಿಡುತ್ತಿದ್ದೇನೆ.