ಮುರಕಲ್ಲಿನ ನೆಲದಲ್ಲಿ ಗುಲಾಬಿ: ಸೆಕೆ, ಮಳೆ ಮತ್ತು ನನ್ನ ಅನುಭವ

ಪುತ್ತೂರಿನ ಆಸುಪಾಸಿನಲ್ಲಿ ಗುಲಾಬಿ ಬೆಳೆಸುತ್ತೇನೆಂದು ಹೊರಟವರಿಗೆ ಮೊದಲು ಕೇಳಸಿಗುವ ಮಾತೆಂದರೆ, ಅದು ಘಟ್ಟದ ಮೇಲಿನವರ ಹೂ, ನಮ್ಮ ಮಳೆಗೆ ಹೇಳಿಸಿದ್ದಲ್ಲ ಎಂಬುದು. ಹನ್ನೊಂದು ವರ್ಷಗಳ ಹಿಂದೆ ನನಗೂ ಅದನ್ನೇ ಹೇಳಿದ್ದರು. ಮಾತು ಪೂರ್ತಿ ಸುಳ್ಳಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಬಿಸಿಲು ಸುಡುವುದಷ್ಟೇ ಅಲ್ಲ, ರಾತ್ರಿಯ ಸೆಕೆಯೂ ತಗ್ಗುವುದಿಲ್ಲ. ಆದರೆ ನನ್ನ ಮೊದಲ ಗಿಡಗಳನ್ನು ಕೊಂದದ್ದು ಮಳೆಯೂ ಅಲ್ಲ, ಬಿಸಿಲೂ ಅಲ್ಲ. ನಾನೇ ತೋಡಿಸಿದ ಗುಂಡಿಗಳು.

ಆ ವರ್ಷ ಬೆಂಗಳೂರಿನ ಕಡೆಯಿಂದ ಹನ್ನೆರಡು ಕಸಿ ಗಿಡಗಳನ್ನು ತರಿಸಿದ್ದೆ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ತೆಗೆದು ಗೊಬ್ಬರ ತುಂಬಿ ನೆಡಬೇಕೆಂದು ಎಲ್ಲೋ ಓದಿದ್ದನ್ನು ನಂಬಿ, ಅಂಗಳದ ಬದಿಯ ಮುರಕಲ್ಲಿನಲ್ಲಿ, ಎಂದರೆ ಜಂಬಿಟ್ಟಿಗೆ ಕಲ್ಲಿನಲ್ಲಿ, ಹಾರೆ ಹಾಕಿಸಿ ಹಾಗೆಯೇ ಮಾಡಿಸಿದೆ. ಬಯಲುಸೀಮೆಯ ಮಣ್ಣಿನಲ್ಲಿ ಸರಿಹೋಗುವ ಈ ಕ್ರಮ ಗಟ್ಟಿ ಕಲ್ಲಿನ ನೆಲದಲ್ಲಿ ತಿರುಗುಬಾಣವಾಗುತ್ತದೆ. ಸುತ್ತಲಿನ ಕಲ್ಲು ನೀರನ್ನು ಬೇಗ ಬಿಡದೆ ಪ್ರತಿ ಗುಂಡಿಯೂ ಒಂದು ಬೋಗುಣಿಯಾಯಿತು. ಬೇರು ಉಸಿರಾಡಲಾಗದೆ ಕೊಳೆಯಿತು. ಕೊಳೆತ ಬೇರು ನೀರನ್ನು ಹೀರಲಾರದ್ದರಿಂದ ಎಲೆಗಳು ನೀರು ಸಿಗದವುಗಳಂತೆಯೇ ಜೋತುಬಿದ್ದವು. ಇದನ್ನು ಅರಿಯದ ನಾನು, ಎರಡು ದಿನ ಮಳೆ ಹೊಳವಾದಾಗ, ಗಿಡ ಬಾಡಿದೆಯೆಂದು ಕೊಡದಲ್ಲಿ ನೀರು ಹೊಯ್ದೆ! ತುಳುವರ ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮುಗಿಯುವ ಹೊತ್ತಿಗೆ ಹನ್ನೆರಡರಲ್ಲಿ ಮೂರು ಉಳಿದಿದ್ದವು.

ಮರುವರ್ಷದಿಂದ ನೆಲವನ್ನು ತೋಡುವುದನ್ನು ಬಿಟ್ಟು ಏರಿಸುವುದಕ್ಕೆ ತೊಡಗಿದೆ. ಸಿಮೆಂಟ್ ಇಲ್ಲದೆ ಮುರಕಲ್ಲುಗಳನ್ನು ಬರಿದೇ ಜೋಡಿಸಿ ಒಂದೂವರೆ ಅಡಿ ಎತ್ತರದ ಕಟ್ಟೆ ಮಾಡಿ, ತಳಕ್ಕೆ ಅರ್ಧ ಅಡಿಯಷ್ಟು ಒಡೆದ ಮಂಗಳೂರು ಹೆಂಚಿನ ಚೂರುಗಳನ್ನು ಹರಡಿದೆ. ಅದರ ಮೇಲೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಚೆನ್ನಾಗಿ ಹಳತಾದ ಹಟ್ಟಿಗೊಬ್ಬರ, ಒಂದು ಪಾಲು ಸುಡುಮಣ್ಣು, ಎಂದರೆ ಕಸಕಡ್ಡಿಯೊಂದಿಗೆ ಸುಟ್ಟ ಮಣ್ಣು. ಇಲ್ಲಿನ ಮಣ್ಣು ಹುಳಿ. ಗುಲಾಬಿ ಬಯಸುವುದು ರಸಸಾರ (pH) ಆರರಿಂದ ಆರೂವರೆಯಷ್ಟಿರುವ, ಅಲ್ಪ ಹುಳಿಯ ಮಣ್ಣನ್ನು. ಸುಡುಮಣ್ಣಿನಲ್ಲಿರುವ ಬೂದಿ ಹುಳಿಯನ್ನು ಸ್ವಲ್ಪ ತಗ್ಗಿಸಿ ಪೊಟ್ಯಾಷನ್ನೂ ಕೊಡುತ್ತದೆ. ಮಲ್ಲಿಗೆ, ಬಸಳೆ ಬೆಳೆಸುವವರಿಗೆ ತಲೆಮಾರುಗಳಿಂದ ತಿಳಿದಿದ್ದ ಈ ಸಂಗತಿ ನನಗೆ ಗುಲಾಬಿಯ ವಿಷಯದಲ್ಲಿ ಹೊಳೆಯದೆ ಹೋದದ್ದಕ್ಕೆ ಇಂದಿಗೂ ನಾಚಿಕೆಯಿದೆ. ಕಟ್ಟೆಯಲ್ಲಿ ನೆಟ್ಟ ಮೇಲೆ ನೀರು ನಿಂತು ಸತ್ತ ಗಿಡ ಒಂದೂ ಇಲ್ಲ.

ಬೇರು ಉಳಿದರೂ ಎಲೆ ಉಳಿಯಬೇಕಲ್ಲ. ಮಳೆಗಾಲದ ದೊಡ್ಡ ಶತ್ರು ಕಪ್ಪು ಚುಕ್ಕೆ ರೋಗ. ಅದರ ಶಿಲೀಂಧ್ರ ಮೊಳೆಯಲು ಎಲೆ ಸುಮಾರು ಏಳು ತಾಸು ಒದ್ದೆಯಾಗಿದ್ದರೆ ಸಾಕು. ನಮ್ಮಲ್ಲಿ ಜುಲೈಯಲ್ಲಿ ಏಳು ದಿನವಾದರೂ ಎಲೆ ಒಣಗದ ಕಾಲವಿದೆ. ರೋಗ ಹಬ್ಬುವುದು ಬಿದ್ದ ಎಲೆಗಳಿಂದ, ಅದೂ ಮಳೆಹನಿ ನೆಲಕ್ಕೆ ಬಡಿದು ಮೇಲಕ್ಕೆ ಸಿಡಿಯುವ ನೀರಿನಿಂದ. ಆದ್ದರಿಂದ ನನ್ನ ಮಳೆಗಾಲದ ಕೆಲಸವೆಲ್ಲ ಪತ್ತನಾಜೆಯ ಒಳಗೆ, ಎಂದರೆ ಮೇ 24ರ ಸುಮಾರಿಗೆ, ಮುಗಿದಿರುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ಹಾಕಿದ್ದ ದರಗನ್ನೆಲ್ಲ (ಒಣಗಿದ ಎಲೆಗಳನ್ನೆಲ್ಲ) ಬಾಚಿ ತೆಗೆದು, ಆ ಜಾಗದಲ್ಲಿ ಹೆಂಚಿನ ಚೂರು ಹರಡುತ್ತೇನೆ. ಬುಡದಿಂದ ಒಂದು ಅಡಿಯವರೆಗಿನ ಎಲೆಗಳನ್ನು ಕಿತ್ತುಹಾಕುತ್ತೇನೆ. ಒಳಮುಖವಾಗಿ ಹೆಣೆದುಕೊಂಡ ತೆಳು ಕಡ್ಡಿಗಳನ್ನು ತೆಗೆದು ನಡುವೆ ಗಾಳಿಯಾಡುವಂತೆ ಮಾಡುತ್ತೇನೆ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಡುತ್ತೇನೆ.

ಮದ್ದಿನ ವಿಷಯದಲ್ಲಿ ಒಂದು ಪಾಠ ಕಲಿತಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಬಂದವರು ಒಮ್ಮೆ ಜುಲೈಯಲ್ಲಿ, "ಅಕ್ಕಾ, ಸ್ವಲ್ಪ ಉಳಿದಿದೆ, ಹೂವಿನ ಗಿಡಕ್ಕೂ ಬಿಡಲಾ?" ಎಂದು ಕೇಳಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿದ ಅದೇ ದ್ರಾವಣ. ಸಂತೋಷದಿಂದ ಒಪ್ಪಿದೆ. ವಾರ ಕಳೆಯುವುದರೊಳಗೆ ಚಿಗುರೆಲೆಗಳ ಮೇಲೆ ನೇರಳೆ ಕಲೆಗಳೆದ್ದು ಅರ್ಧಕ್ಕರ್ಧ ಉದುರಿದವು. ತಂಪು, ತೇವದ ಹವೆಯಲ್ಲಿ ತಾಮ್ರವು ಗುಲಾಬಿಯ ಎಳೆಯ ಎಲೆಯನ್ನು ಸುಡುತ್ತದೆ ಎಂಬುದು ಆಮೇಲೆ ತಿಳಿಯಿತು. ಈಗ ಬೋರ್ಡೋವನ್ನು ಮೇ ತಿಂಗಳ ಒಣ ದಿನಗಳಲ್ಲಿ, ಬಲಿತ ಎಲೆಗಳಿಗೆ, ಅರ್ಧ ಸಾಂದ್ರತೆಯಲ್ಲಿ ಒಮ್ಮೆ ಮಾತ್ರ ಬಿಡುತ್ತೇನೆ. ಮಳೆಯ ನಡುವೆ ಹೊಳವಾದ ದಿನ ನೋಡಿ, ಲೀಟರಿಗೆ ಎರಡು ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವನ್ನು ಅಂಟು ಬೆರೆಸಿ ಸಿಂಪಡಿಸುತ್ತೇನೆ. ಇಷ್ಟರಿಂದ ರೋಗ ಬಾರದೆ ಇರುವುದಿಲ್ಲ. ಗಿಡ ಬೋಳಾಗದೆ ಇರುತ್ತದೆ, ಅಷ್ಟೆ.

ಮಳೆಯನ್ನೇ ತಪ್ಪಿಸಿದರೆ ಹೇಗೆಂದು ಒಂದು ವರ್ಷ ನಾಲ್ಕು ಕುಂಡಗಳನ್ನು, ಮಳೆಗಾಲದಲ್ಲಿ ಖಾಲಿ ಬೀಳುವ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಕೆಳಗೆ ಇಟ್ಟಿದ್ದೆ. ಕಪ್ಪು ಚುಕ್ಕೆ ಬರಲಿಲ್ಲ, ನಿಜ. ಆದರೆ ಎಲೆ ಒಣಗಿದ್ದು ಗಾಳಿ ಮಾತ್ರ ತೇವವಾಗಿದ್ದರೆ ಬೂದಿರೋಗಕ್ಕೆ ಹಬ್ಬವೆಂಬುದನ್ನು ನಾನು ಮರೆತಿದ್ದೆ. ಮೊಗ್ಗಿನ ತೊಟ್ಟಿನವರೆಗೂ ಹಿಟ್ಟು ಉದುರಿಸಿದಂತಾಯಿತು. ಕುಂಡಗಳನ್ನು ಮತ್ತೆ ಗಾಳಿಯಿರುವ ಜಗಲಿಯ ಬದಿಗೆ, ಸೂರಿನ ನೀರು ಬೀಳದ ಕಡೆಗೆ ಒಯ್ದೆ.

ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಾನು ಹೂವಿನ ಆಸೆ ಇಟ್ಟುಕೊಳ್ಳುವುದಿಲ್ಲ. ಬಂದ ಮೊಗ್ಗು ನೀರು ಕುಡಿದು ಬಿಚ್ಚಿಕೊಳ್ಳದೆ ಕಂದಾಗಿ ಕೊಳೆಯುವುದರಿಂದ ಚಿವುಟಿಬಿಡುತ್ತೇನೆ. ಆ ತಿಂಗಳುಗಳಲ್ಲಿ ಹಾಕಿದ ಗೊಬ್ಬರ ತೋಡಿನ ಪಾಲಾಗುತ್ತದೆ. ಗಿಡಕ್ಕೆ ದಕ್ಕಿದಷ್ಟೂ ಮೆತ್ತನೆಯ ಚಿಗುರಾಗಿ ರೋಗವನ್ನು ಕರೆಯುತ್ತದೆ.

ದೊಡ್ಡ ಕತ್ತರಿಕೆಯ ಕಾಲದ ಬಗ್ಗೆ ಘಟ್ಟದ ಮೇಲಿನ ಲೆಕ್ಕ ನಮಗೆ ಸಲ್ಲದು. ಒಮ್ಮೆ ಆತುರಪಟ್ಟು ಸೆಪ್ಟೆಂಬರ್ ಕೊನೆಯಲ್ಲಿ ಕತ್ತರಿಸಿದೆ. ಅನಂತರ ಬಂದ ಗುಡುಗುಮಳೆಯ ನೀರು ಗಾಯದೊಳಗಿಳಿದು, ಕಡ್ಡಿಗಳು ತುದಿಯಿಂದ ಕಪ್ಪಾಗುತ್ತ ಬುಡದವರೆಗೆ ಒಣಗಿದವು. ಈಗ ದೀಪಾವಳಿಯ ಹೊತ್ತಿನವರೆಗೆ ಕಾಯುತ್ತೇನೆ. ಹೊರಮುಖವಾದ ಕಣ್ಣಿನ (ಚಿಗುರೊಡೆಯುವ ಗಂಟಿನ) ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ, ಅದೇ ದಿನ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುತ್ತೇನೆ. ಆಗಲೇ ನೆಲಕಡಲೆ ಹಿಂಡಿ ಕೊಳೆಸಿದ ನೀರು, ಬೇವಿನ ಹಿಂಡಿ, ಹಟ್ಟಿಗೊಬ್ಬರ ಎಲ್ಲವೂ ಗಿಡಕ್ಕೆ ಸಿಗುತ್ತವೆ. ಆರೇಳು ವಾರಗಳಲ್ಲಿ ಹೂ ಬಂದು, ಫೆಬ್ರವರಿಯವರೆಗೆ ಅಂಗಳ ನೋಡುವಂತಿರುತ್ತದೆ.

ಮಾರ್ಚ್ ಬಂದೊಡನೆ ಹೂ ಚಿಕ್ಕದಾಗುತ್ತದೆ, ಬಣ್ಣ ಮಾಸುತ್ತದೆ. ಸೆಕೆಯಲ್ಲಿ ಮೊಗ್ಗು ಬಲಿಯುವ ಮುನ್ನವೇ ಅರಳಿ ಎರಡೇ ದಿನದಲ್ಲಿ ಉದುರುತ್ತದೆ. ಗೊಬ್ಬರದ ಕೊರತೆಯೆಂದು ಭಾವಿಸಿ ಹೆಚ್ಚು ಹಾಕುವುದು ನಾನೂ ಮಾಡಿದ ತಪ್ಪು. ಆಗ ಬೇಕಾದದ್ದು ಮಧ್ಯಾಹ್ನದ ನೆರಳು, ಬುಡಕ್ಕೆ ಮೂರು ಅಂಗುಲ ದರಗು, ಬೆಳಗಿನ ನೀರು. ಸಿಮೆಂಟಿನ ಗೋಡೆಗೆ ತಾಗಿದ್ದ ಎರಡು ಗಿಡಗಳು ಸಂಜೆಯ ಮೇಲೂ ಬೇಯುತ್ತಿದ್ದುದನ್ನು ಗೋಡೆಗೆ ಕೈಯಿಟ್ಟು ನೋಡಿದ ಮೇಲೆ ತಿಳಿದು ಸ್ಥಳಾಂತರಿಸಿದೆ. ಕಪ್ಪು ಪ್ಲಾಸ್ಟಿಕ್ ಕುಂಡಗಳ ಬದಲು ಮಣ್ಣಿನವು ಬಂದವು. ಎಲೆಯ ಅಡಿಯಲ್ಲಿ ಬಲೆ ಕಟ್ಟುವ ಕೆಂಪು ನುಸಿಗೆ ಮದ್ದಿಗಿಂತ, ವಾರಕ್ಕೆರಡು ಬಾರಿ ಬೆಳಿಗ್ಗೆ ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸುವುದೇ ನನಗೆ ಹೆಚ್ಚು ಫಲ ಕೊಟ್ಟಿದೆ.

ಯಾವ ಗಿಡ ಎಂಬುದೂ ಮುಖ್ಯ. 1897ರಲ್ಲಿ ಬಂದ ಗ್ರೂಸ್ ಆನ್ ಟೆಪ್ಲಿಟ್ಸ್ ಎಂಬ ಕೆಂಪು ಗುಲಾಬಿ, ನಮ್ಮ ಪನ್ನೀರು ಗುಲಾಬಿ, ಇವೆರಡೂ ಕಸಿಯಿಲ್ಲದೆ ತಮ್ಮದೇ ಬೇರಿನ ಮೇಲೆ ನಿಂತು ಎರಡೂ ಕಾಲಗಳನ್ನು ಸಹಿಸುತ್ತವೆ. ಕೊಡೈಕೆನಾಲಿನ ಗುಲಾಬಿ ತಳಿಗಾರ ಎಂ.ಎಸ್. ವೀರರಾಘವನ್ ಅವರು ಬಿಸಿ ನಾಡುಗಳಿಗೆ ಒಗ್ಗುವ ಗುಲಾಬಿಗಳನ್ನು ಪಡೆಯಲು ಭಾರತದ ಕಾಡು ಗುಲಾಬಿಗಳನ್ನೇ ತಳಿಗೆ ಬಳಸಿದ್ದರ ತರ್ಕ, ಈ ಎರಡು ಗಿಡಗಳ ಪಕ್ಕದಲ್ಲಿ ಸೊರಗುವ ಕಸಿ ಗಿಡಗಳನ್ನು ನೋಡಿದಾಗ ಚೆನ್ನಾಗಿ ಅರ್ಥವಾಗುತ್ತದೆ.

ಹಳದಿಯದ್ದು ಬೇರೆಯೇ ಕಥೆ. ಇಂದಿನ ಹಳದಿ ಗುಲಾಬಿಗಳಿಗೆ ಆ ಬಣ್ಣ ಬಂದದ್ದು ಫ್ರಾನ್ಸಿನ ಗುಲಾಬಿ ತಳಿಗಾರ ಪೆರ್ನೆ-ದುಶೆ 1900ರಲ್ಲಿ ಹೊರತಂದ ಸೊಲೇ ದೋರ್ ತಳಿಯ ಮೂಲಕ, ಪಶ್ಚಿಮ ಏಷ್ಯಾದ ಒಣ ಸೀಮೆಯ ಒಂದು ಗುಲಾಬಿಯಿಂದ. ಕಪ್ಪು ಚುಕ್ಕೆಗೆ ಬೇಗ ಸೋಲುವ ಗುಣವೂ ಅದರೊಂದಿಗೇ ಬಂತು. ಮೊದಲ ವರ್ಷ ಉಳಿದ ಮೂರರಲ್ಲಿ ಒಂದು ಹಳದಿಯೇ ಆಗಿತ್ತು. ಪ್ರತಿ ಆಟಿಯಲ್ಲೂ ಅದು ಒಂದೆಲೆಯೂ ಇಲ್ಲದ ಮುಳ್ಳುಕಡ್ಡಿಯಾಗಿ ನಿಲ್ಲುತ್ತದೆ, ಕಿತ್ತೆಸೆಯೋಣವೆಂದುಕೊಳ್ಳುತ್ತೇನೆ, ಅಕ್ಟೋಬರದಲ್ಲಿ ಕೆಂಪು ಚಿಗುರು ಇಣುಕುತ್ತದೆ. ಈ ವರ್ಷ ಅದನ್ನು ಜಗಲಿಯ ಬದಿಯ ಕುಂಡಕ್ಕೆ ಬದಲಿಸಿದ್ದೇನೆ.