ಐದು ಭಾನುವಾರ, ಐದು ಸಿನಿಮಾ: ‘ಏಪ್ಸ್’ ಸರಣಿಯನ್ನು ಮನೆಯವರಿಗೆ ತೋರಿಸಿದ ನನ್ನ ಅನುಭವ

ಐದು ಭಾನುವಾರ, ಐದು ಸಿನಿಮಾ. ಮಧ್ಯೆ ಎದ್ದು ಹೋದವರು ಒಬ್ಬರೂ ಇಲ್ಲ. ನಮ್ಮಮ್ಮನಿಗೆ 71 ವರ್ಷ, ಇಂಗ್ಲಿಷ್ ಬರಲ್ಲ. ಮಗಳಿಗೆ 12, ಹಳೇ ಸಿನಿಮಾ ಅಂದ್ರೆ ಮೂಗು ಮುರಿಯುತ್ತಾಳೆ. ಭಾವ ಅಂತೂ ಮೊದಲೇ ಹೇಳಿದ್ದರು, “ಮೂರನೇ ವಾರಕ್ಕೆ ನೀನೊಬ್ಬನೇ ಕೂತಿರ್ತೀಯ, ನೋಡ್ತಿರು.” ಈ ಮೂವರನ್ನೂ ಕೂರಿಸಿಕೊಂಡು 1968ರಿಂದ 1973ರ ತನಕ ಬಂದ ‘ಪ್ಲಾನೆಟ್ ಆಫ್ ದಿ ಏಪ್ಸ್’ ಸರಣಿಯ ಐದೂ ಚಿತ್ರ ತೋರಿಸಿ ಮುಗಿಸಿದೆ. ಮಾತಾಡುವ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳು ಮನುಷ್ಯರನ್ನು ಆಳುವ ಲೋಕದ ಕತೆ ಅದು. ಹೇಗೆ ಅಂತ ಕೇಳಿದವರು ಜಾಸ್ತಿ ಆದ್ದರಿಂದ ಬರೆಯುತ್ತಿದ್ದೇನೆ.

ಒಂದು ಮಾತು. ನೀವು ನೋಡಿದ್ದೀರಿ ಅಂದುಕೊಂಡೇ ಬರೆಯುತ್ತೇನೆ. ಮೊದಲನೆಯದನ್ನು ನೋಡದವರಿದ್ದರೆ ಇಲ್ಲಿಗೇ ನಿಲ್ಲಿಸಿ, ನೋಡಿ ಬನ್ನಿ. ನಾನು ಕಾಯುತ್ತೇನೆ.

ನಾನೂ ಈ ಸರಣಿಗೆ ಹೊಸಬನೇ. ಶುರು ಮಾಡಿದಾಗ ನನಗೆ 43. ಹಿಡಿದ ದಾರಿಯೇ ತಪ್ಪಾಗಿತ್ತು. ಎಲ್ಲರೂ ಹೇಳಿದರು ಅಂತ, ಇದೇ ಕತೆಯನ್ನು ಹೊಸದಾಗಿ ಮಾಡಿದ 2011ರ ಚಿತ್ರ ಹಾಕಿದೆ. ಚೆನ್ನಾಗಿದೆ, ಸೀಸರ್ ಅನ್ನೋ ಚಿಂಪಾಂಜಿಯಾಗಿ ನಟಿಸಿದ ಆಂಡಿ ಸರ್ಕಿಸ್ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಸೀಸರ್ ಅನ್ನೋ ಹೆಸರಿನ ಹಿಂದೆ ಎಷ್ಟು ದೊಡ್ಡ ಕತೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅಂಥದ್ದೇ ಇನ್ನೊಂದು, 2001ರದ್ದು ನೋಡಿದೆ, ಆಸಕ್ತಿಯೇ ಹೋಯಿತು. ಆರು ತಿಂಗಳು ಬಿಟ್ಟುಬಿಟ್ಟೆ.

ಎರಡನೇ ಸಲ ಒಬ್ಬ ಗೆಳೆಯ ಹೇಳಿದ, “ಕತೆಯ ಕಾಲ ಹಿಡಿದು ನೋಡು ಮಾರಾಯ, ಮೂರನೇದರಿಂದ ಶುರು ಮಾಡು.” ಕಾಗದದ ಮೇಲೆ ಸರಿಯೇ. ಮೂರನೇ ಚಿತ್ರ ನಡೆಯುವುದು 1973ರ ಲಾಸ್ ಏಂಜಲೀಸ್‌ನಲ್ಲಿ, ನಾಲ್ಕನೆಯದು 1991ರಲ್ಲಿ, ಮೊದಲನೆಯದು 3978ರಲ್ಲಿ. ಹಾಗೆ ಶುರು ಮಾಡಿ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿದೆ. ನೌಕೆಯಿಂದ ಇಳಿದ ಈ ಚಿಂಪಾಂಜಿಗಳು ಯಾರು, ಅವರಿಗೆ ಯಾಕೆ ಇಷ್ಟು ದುಃಖ, ಒಂದೂ ತಟ್ಟಲಿಲ್ಲ. ಮೇಲಾಗಿ ಮೊದಲ ಚಿತ್ರ ಕೊನೆ ತನಕ ಮುಚ್ಚಿಟ್ಟ ಗುಟ್ಟನ್ನು ಮೂರನೆಯದು ಶುರುವಿನಲ್ಲೇ ಬಾಯಿಬಿಟ್ಟು ಹೇಳುತ್ತದೆ. ಅವು ತೆರೆಗೆ ಬಂದ ಕ್ರಮದಲ್ಲೇ ನೋಡಬೇಕು. 68, 70, 71, 72, 73. ಇದರಲ್ಲಿ ನಾನು ಇನ್ನು ಯಾರ ಮಾತೂ ಕೇಳುವುದಿಲ್ಲ.

ನನಗಾದ ದೊಡ್ಡ ನಷ್ಟ ದುಡ್ಡಿನದಲ್ಲ. ನಾನು ಮೊದಲು ಕೈಗೆತ್ತಿಕೊಂಡ ಡಿವಿಡಿಯ ಡಬ್ಬಿ ಮೇಲೆ ಮೊದಲ ಚಿತ್ರದ ಕೊನೆಯ ದೃಶ್ಯವನ್ನೇ ಅಚ್ಚು ಹಾಕಿದ್ದರು! ಸಮುದ್ರದ ದಡ, ಮರಳು, ಅಲ್ಲಿ ನಿಂತಿರುವುದು. ನೋಡಿದವರಿಗೆ ಗೊತ್ತು. 1968ರಲ್ಲಿ ಥಿಯೇಟರಿನಲ್ಲಿ ಕೂತವರಿಗೆ ಸಿಕ್ಕ ಆ ಏಟು ನನಗೆ ಈ ಜನ್ಮದಲ್ಲಿ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಇನ್ಯಾರಿಗೂ ಹಾಗಾಗಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ. ಜೂನ್‌ನಲ್ಲಿ ಶಾಲೆ ಪುಸ್ತಕಕ್ಕೆ ಹಾಕುತ್ತೇವಲ್ಲ, ಆ ಖಾಕಿ ಕಾಗದ ತಂದು ಐದೂ ಡಬ್ಬಿಗೆ ಬೈಂಡ್ ಹಾಕಿದೆ. ಡಿಸ್ಕ್ ಹಾಕಿದಾಗ ಬರುವ ಮೆನುವನ್ನೂ ನಂಬಬೇಡಿ. ಜನ ಬರುವ ಮೊದಲೇ ಹಾಕಿ, ಶುರುವಿನ ಜಾಗದಲ್ಲಿ ನಿಲ್ಲಿಸಿಟ್ಟುಕೊಳ್ಳಿ.

ಈಗ ಖರ್ಚು. ಮೊದಲ ಪ್ರೊಜೆಕ್ಟರ್ ಆನ್‌ಲೈನ್‌ನಲ್ಲಿ ಸುಮಾರು 8,500. ಡಬ್ಬಿ ಮೇಲೆ ಬರೆದ ಲ್ಯೂಮೆನ್ಸ್‌ಗೂ ಗೋಡೆ ಮೇಲೆ ಬೀಳುವ ಬೆಳಕಿಗೂ ಸಂಬಂಧವೇ ಇರಲಿಲ್ಲ. ಫ್ಯಾನಿನ ಸದ್ದು ಮಿಕ್ಸಿ ಹಾಕಿದ ಹಾಗೆ. ಮಾರಿದವರು ವಾಪಸ್ ತಗೊಳ್ಳಲಿಲ್ಲ, ದುಡ್ಡು ಹೋಯಿತು. ಆಮೇಲೆ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡ್‌ನಲ್ಲಿ ಆಫೀಸಿನದ್ದೊಂದು ಸೆಕೆಂಡ್ ಹ್ಯಾಂಡ್ ತಂದೆ, 17 ಸಾವಿರ. ಪರದೆಗೆ ಬಿಳಿ ಬೆಡ್‌ಶೀಟ್ ಕಟ್ಟಿದೆ, ಅದು ಆಗುವ ಮಾತಲ್ಲ. ಸುಕ್ಕು ಬೀಳುತ್ತದೆ, ಅರ್ಧ ಬೆಳಕು ಹಿಂದಕ್ಕೆ ಹೋಗುತ್ತದೆ. ಗೋಡೆಗೇ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿದೆ, 1,400 ರೂಪಾಯಿ. ಎಲ್ಲಕ್ಕಿಂತ ಒಳ್ಳೆ ಖರ್ಚು ಅದೇ.

ಬ್ಲೂ-ರೇ ಸೆಟ್ಟನ್ನು ಅಮೆರಿಕದಿಂದ ಬಂದ ಚಿಕ್ಕಪ್ಪನ ಮಗ ತಂದುಕೊಟ್ಟ, ಸುಮಾರು ಮೂರೂವರೆ ಸಾವಿರ. ಹಾಕಿದರೆ ಓಡಲಿಲ್ಲ. ಬ್ಲೂ-ರೇ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅಂತ ‘ರೀಜನ್’ ಗೊತ್ತು ಮಾಡಿರುತ್ತಾರೆ. ಅದು ಎ ರೀಜನ್, ನಮ್ಮದು ಸಿ ರೀಜನ್. ಇದು ಗೊತ್ತಿದ್ದೂ ಕೇಳುವುದನ್ನು ಮರೆತಿದ್ದೆ. ಎಲ್ಲ ರೀಜನ್ ಓಡಿಸುವ ಹಳೇ ಪ್ಲೇಯರಿಗೆ ಮತ್ತೆ 7 ಸಾವಿರ. ಒಟ್ಟು 37, 38 ಸಾವಿರ ಆಗಿರಬಹುದು, ಮಂಡಕ್ಕಿ ಲೆಕ್ಕ ಬಿಟ್ಟು.

ಮೊದಲ ಪ್ರಯತ್ನ ತಾರಸಿಯ ಶೀಟಿನ ಕೆಳಗೆ. ಶಿವಮೊಗ್ಗದಲ್ಲಿ, ಜುಲೈಯಲ್ಲಿ! ಹತ್ತು ನಿಮಿಷಕ್ಕೆ ಮಳೆ ಹಿಡಿಯಿತು. ತಗಡಿನ ಮೇಲೆ ಬೀಳುವ ಸದ್ದಿಗೆ ಸ್ಪೀಕರ್ ಪೂರ್ತಿ ಏರಿಸಿದರೂ ಒಂದು ಮಾತು ಕೇಳಲಿಲ್ಲ. ಎಲ್ಲ ಹೊತ್ತು ಕೆಳಗಿನ ರೂಮಿಗೆ ತಂದೆ. ಅವತ್ತು ಸಿನಿಮಾ ಇಲ್ಲ.

ಮುಂದಿನದ್ದು ಭಾಷೆ. ನನ್ನ ಸೆಟ್ಟಿನಲ್ಲಿ ಕನ್ನಡ ಸಬ್‌ಟೈಟಲ್ ಇರಲಿಲ್ಲ. ನಾನೇ ಮಾಡೋಣ ಅಂತ ಕೂತೆ. ಅಂಗಡಿ ಮುಚ್ಚಿ ಬಂದ ಮೇಲೆ ರಾತ್ರಿ ಹತ್ತರಿಂದ ಹನ್ನೆರಡು. ಹನ್ನೊಂದು ರಾತ್ರಿಗೆ ನಲವತ್ತು ನಿಮಿಷದಷ್ಟು ಆಯಿತು. ಅಮ್ಮನಿಗೆ ತೋರಿಸಿದೆ. ಪಾಪ, ಅಕ್ಷರ ಓದುವುದರಲ್ಲಿ ಮುಖ ನೋಡುವುದೇ ತಪ್ಪಿಹೋಗುತ್ತಿತ್ತು. ಈ ಚಿತ್ರದಲ್ಲಿ ಮುಖ ನೋಡದಿದ್ದರೆ ಇನ್ನೇನು ಉಳೀತು? ಜಾನ್ ಚೇಂಬರ್ಸ್ ಮಾಡಿದ ಮೇಕಪ್ ಅದು. ಹಿಂದೆ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಕೃತಕ ಅಂಗ ಮಾಡಿಕೊಡುತ್ತಿದ್ದ ಮನುಷ್ಯ. ಆಗ ಮೇಕಪ್ಪಿಗೆ ಅಂತ ಪ್ರತಿವರ್ಷದ ಆಸ್ಕರ್ ಇರಲಿಲ್ಲ, ಇವರಿಗೆ ಗೌರವ ಪ್ರಶಸ್ತಿ ಕೊಟ್ಟರು. ಆ ಮುಖ ಸುಮ್ನೆ ಇದ್ದರೆ ಸತ್ತ ಹಾಗೆ ಕಾಣುತ್ತದೆ ಅಂತ, ಕಾರ್ನೀಲಿಯಸ್ ಅನ್ನೋ ಚಿಂಪಾಂಜಿಯಾಗಿ ನಟಿಸಿದ ರಾಡಿ ಮ್ಯಾಕ್‌ಡವಲ್ ಮೂಗು, ತುಟಿ ಅಲುಗಾಡಿಸುತ್ತಲೇ ಇರುತ್ತಾರೆ. ಅದನ್ನು ನೋಡಬೇಕು. ಸಬ್‌ಟೈಟಲ್ ಕೈಬಿಟ್ಟೆ.

ಬಾಯಲ್ಲೇ ಹೇಳುತ್ತೇನೆ ಅಂದೆ. ಭಾವ, “ಸಿನಿಮಾ ನಡೀತಿರುವಾಗ ನೀನು ಮಾತಾಡ್ತಿದ್ರೆ ಯಾರಪ್ಪ ಕೇಳ್ತಾರೆ?” ಅಂದರು. ಮೊದಲ ದಿನ ಅವರು ಹೇಳಿದ್ದೇ ಸರಿಯಾಯಿತು. ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳಲು ಹೋಗಿ ನನ್ನ ಗಂಟಲು ಕಟ್ಟಿತು, ಮಗಳಿಗೆ ಸಿಟ್ಟು ಬಂತು. ಆಮೇಲೆ ನಿಯಮ ಮಾಡಿಕೊಂಡೆ. ಮೂರು ಮಾತಿಗೆ ಒಂದು ಮಾತ್ರ ಹೇಳುವುದು. ಸಂಗೀತದ ಮೇಲೆ ಮಾತಾಡುವುದಿಲ್ಲ. ಮೊದಲ ಚಿತ್ರದ ನಾಯಕ, ಗಗನಯಾತ್ರಿ ಟೇಲರ್‌ನ ಗಂಟಲಿಗೆ ಗುಂಡು ತಾಗಿ ಮಾತು ನಿಂತಿರುತ್ತದಲ್ಲ, ಕೊನೆಗೊಮ್ಮೆ ಬಾಯಿ ಬಿಡುವಾಗ ಚಾರ್ಲ್ಟನ್ ಹೆಸ್ಟನ್ ಧ್ವನಿಯೇ ಕೇಳಲಿ ಅಂತ ನಾನು ಬಾಯಿ ಮುಚ್ಚಿದೆ. ಅಮ್ಮ ಬೆಚ್ಚಿಬಿದ್ದರು. ಅನುವಾದವೇ ಬೇಕಾಗಲಿಲ್ಲ.

ಯಾರು ಯಾರು ಅಂತ ತಿಳಿಯಲು ಬಣ್ಣ ಹೇಳಿಕೊಟ್ಟೆ. ಹಸಿರು ಬಟ್ಟೆ ಚಿಂಪಾಂಜಿ, ಓದಿದವರು. ಕಪ್ಪು ಬಟ್ಟೆ ಗೊರಿಲ್ಲಾ, ಪೊಲೀಸು, ಸೈನ್ಯ. ಕಿತ್ತಳೆ ಬಣ್ಣ ಒರಾಂಗುಟಾನ್, ಆಳುವವರು. ಡಾಕ್ಟರ್ ಜೇಯಸ್ ವಿಜ್ಞಾನಕ್ಕೂ ಮಂತ್ರಿ, ಧರ್ಮ ಕಾಯುವುದಕ್ಕೂ ಮುಖ್ಯಸ್ಥ ಅಂದೆ. “ಎರಡೂ ಒಬ್ಬನ ಕೈಗೆ ಕೊಟ್ರೆ ಇನ್ನೇನಾಗುತ್ತೆ” ಅಂದರು ಅಮ್ಮ. ಜೇಯಸ್ ಏನು ಅಂತ ನಾನು ಮತ್ತೆ ಹೇಳಬೇಕಾಗಿ ಬರಲಿಲ್ಲ. ಬಾಲ ಇಲ್ಲದ್ದನ್ನೂ ಮೊದಲು ಗಮನಿಸಿದವರು ಅವರೇ. ಕೋತಿಗೆ ಬಾಲ ಇರುತ್ತೆ, ಇವಕ್ಕೆ ಇರಲ್ಲ, ಎರಡೂ ಬೇರೆ ಅಂತ ವಿವರಿಸಿದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ‘ವಾನರರು’ ಅಂತ ಆಯಿತು.

ಮೊದಲ ಚಿತ್ರದಲ್ಲಿ ಸುಮಾರು ಅರ್ಧ ಗಂಟೆ ಒಂದು ವಾನರವೂ ಬರುವುದಿಲ್ಲ. ಬರೀ ಬಂಡೆ, ಮರಳು, ಬಿಸಿಲು, ಮೂವರು ಮನುಷ್ಯರು. ಭಾವ ಫೋನ್ ತೆಗೆಯುವುದು ಅಲ್ಲೇ ಅಂತ ಗೊತ್ತಿತ್ತು. ಮಂಡಕ್ಕಿ ಮೊದಲೇ ಕೊಡಬೇಡಿ, ಇಪ್ಪತ್ತನೇ ನಿಮಿಷಕ್ಕೆ ಕೊಡಿ. ತಿನ್ನುತ್ತಿರುವಾಗಲೇ ಜೋಳದ ಹೊಲದ ಬೇಟೆ ಶುರುವಾಗುತ್ತದೆ. ಭಾವನ ಕೈ ತಟ್ಟೆಯಲ್ಲೇ ನಿಂತಿತು. ಇನ್ನು ಕೊನೆಯ ದೃಶ್ಯಕ್ಕೆ ಮುಂಚೆ ನಾನೊಂದು ಕೆಲಸ ಮಾಡುತ್ತೇನೆ, ಅದಕ್ಕೆ ಅರ್ಧ ನಿಮಿಷ ಸಾಕು. ಅದು ನನ್ನಲ್ಲೇ ಇರಲಿ. ಚಿತ್ರ ಮುಗಿದು ಅಲೆಯ ಸದ್ದು ಮಾತ್ರ ಕೇಳುತ್ತಿದ್ದಾಗ ಯಾರೂ ಲೈಟ್ ಹಾಕಲಿಲ್ಲ.

ಎರಡನೆಯದು ಸ್ವಲ್ಪ ಕಷ್ಟ. ಮಗಳು ಎರಡು ತಪ್ಪು ಹಿಡಿದಳು. ಮೊದಲ ಚಿತ್ರದ ಗಡಿಯಾರದಲ್ಲಿ 3978 ಇತ್ತು, ಇಲ್ಲಿ 3955 ಅಂತಾರೆ. ದೂರದಲ್ಲಿ ನಿಂತವರು ಮೇಕಪ್ ಬದಲು ಮುಖವಾಡ ಹಾಕಿದ್ದಾರೆ. ಎರಡೂ ನಿಜ. ಅಮ್ಮ ಇನ್ನೂ ಮುಂದೆ ಹೋದರು, “ಕಾರ್ನೀಲಿಯಸ್ ಇವನಲ್ಲ, ಧ್ವನಿ ಬೇರೆ” ಅಂದರು. ಹೌದು, ಈ ಒಂದರಲ್ಲಿ ಮ್ಯಾಕ್‌ಡವಲ್ ಬದಲು ಬೇರೆ ನಟ. ಒಂದಕ್ಷರ ಇಂಗ್ಲಿಷ್ ಬರದವರು ಧ್ವನಿ ಹಿಡಿದರು, ನೋಡಿ!

ಮೂರನೇ ವಾರದ ಮೇಲೆ ಭಾವ ಪಂದ್ಯ ಕಟ್ಟಿದ್ದರಲ್ಲ. ಮೂರನೆಯದೇ ಐದರಲ್ಲಿ ನನಗೆ ಹೆಚ್ಚು ಇಷ್ಟ. ದುಡ್ಡು ಕಡಿಮೆ ಇದ್ದದ್ದೇ ಅದಕ್ಕೆ ಒಳ್ಳೆಯದಾಯಿತು. ಮೊದಲನೆಯದಕ್ಕೆ 58 ಲಕ್ಷ ಡಾಲರ್ ಹತ್ತಿರ ಖರ್ಚಾಗಿತ್ತು, ಮೂರನೆಯದಕ್ಕೆ ಸುಮಾರು 20 ಲಕ್ಷ. ವಾನರರ ಊರು ಕಟ್ಟಲು ಆಗಲ್ಲ, ಹಾಗಾಗಿ ವಾನರರೇ ಮನುಷ್ಯರ ಊರಿಗೆ ಬಂದರು. ಕಾರ್ನೀಲಿಯಸ್, ಅವನ ಹೆಂಡತಿ ಝೀರಾ ಹೋಟೆಲಿನಲ್ಲಿ ಇರುವುದು, ಹೊಸ ಬಟ್ಟೆ ಹಾಕಿಕೊಳ್ಳುವುದು ನೋಡಿ ಎಲ್ಲರೂ ನಕ್ಕರು. ಆ ನಗು ಎಲ್ಲಿ ನಿಲ್ಲುತ್ತದೆ ಅಂತ ನೋಡಿದವರಿಗೆ ಗೊತ್ತು. ಭಾವ ಅವತ್ತು ಊಟ ಮಾಡದೆ ಹೊರಟರು. ನಾಲ್ಕನೇ ವಾರ ಎಲ್ಲರಿಗಿಂತ ಮೊದಲು ಬಂದರು.

ನಡುವೆ ಒಂದು ಪ್ರಯೋಗ. ಜೆರ್ರಿ ಗೋಲ್ಡ್‌ಸ್ಮಿತ್ ಮೊದಲ ಚಿತ್ರದ ಸಂಗೀತದಲ್ಲಿ ಅಡುಗೆಮನೆಯ ಸ್ಟೀಲ್ ಬೋಗುಣಿಗಳನ್ನೇ ವಾದ್ಯ ಮಾಡಿದ್ದಾರೆ. ನಾನೂ ಮಗಳೂ ಒಂದು ಶನಿವಾರ ಮನೆಯ ಬೋಗುಣಿಗಳನ್ನೆಲ್ಲ ನೆಲದ ಮೇಲೆ ಜೋಡಿಸಿದೆವು. ದಪ್ಪ ತಳದ್ದು ಠಕ್ ಅಂತ ಸಾಯುತ್ತದೆ. ತೆಳು ತಳದ್ದನ್ನು ಬಟ್ಟೆಯ ಸಿಂಬಿ ಮೇಲಿಟ್ಟು, ಸ್ವಲ್ಪ ನೀರು ಹಾಕಿ, ಮರದ ಸೌಟಿನಲ್ಲಿ ಅಂಚಿಗೆ ಹೊಡೆದು ಓರೆ ಮಾಡಿದರೆ ಸ್ವರ ಬಾಗುತ್ತದೆ. ಎಷ್ಟು ನೀರು ಅನ್ನುವುದಕ್ಕೆ ನಮಗೆ ಒಂದು ಸಂಜೆ ಹಿಡಿಯಿತು, ನೀವೂ ಹುಡುಕಿಕೊಳ್ಳಿ. ಮಾರನೇ ದಿನ ಚಿತ್ರದಲ್ಲಿ ಅಂಥದ್ದೊಂದು ಸದ್ದು ಬಂದಾಗ ಮಗಳು ನನ್ನ ತೊಡೆ ಚಿವುಟಿದಳು.

ಈಗ ನಾಲ್ಕನೆಯದು. ನನಗೆ ಹೆಚ್ಚು ತಲೆಬಿಸಿ ಕೊಟ್ಟದ್ದು ಅದರ ಒಂದೇ ಒಂದು ಪದ.

ವಾನರರು ಅಲ್ಲಿ ಗುಲಾಮರು. ಏನು ಮಾಡಿದರೂ ಮನುಷ್ಯರು ಅರಚುವುದು ‘ನೋ’. ಮುಂದೊಂದು ದಿನ ವಾನರ ಆಡಿದ ಮೊದಲ ಮಾತೂ ಅದೇ ‘ನೋ’ ಅಂತ ಮೂರನೇ ಚಿತ್ರದಲ್ಲೇ ಕಾರ್ನೀಲಿಯಸ್ ಹೇಳಿರುತ್ತಾನೆ. ಇಂಗ್ಲಿಷಿನಲ್ಲಿ ಒಂದೇ ಪದ, ಎಲ್ಲದಕ್ಕೂ ಆಗುತ್ತದೆ. ನಮ್ಮಲ್ಲಿ ಇಲ್ಲ, ಅಲ್ಲ, ಬೇಡ, ಒಲ್ಲೆ, ಕೂಡದು. ಯಾವುದು ಹೇಳಲಿ? ಮೂರನೇ ವಾರ ‘ಇಲ್ಲ’ ಅಂದಿದ್ದೆ, ಸಪ್ಪೆಯಾಯಿತು. ‘ಕೂಡದು’ ಯಜಮಾನನ ಬಾಯಿಗೆ ಸರಿ, ಆದರೆ ಗುಲಾಮ ಹಾಗೆ ಹೇಳಲಾರ. ‘ಒಲ್ಲೆ’ ಗುಲಾಮನಿಗೆ ಸರಿ, ಯಜಮಾನ ಹಾಗೆ ಗದರಿಸಲಾರ. ಎರಡೂ ಕಡೆ ಒಂದೇ ಪದ ಇರದಿದ್ದರೆ ಕತೆಯೇ ಸತ್ತಿತು. ವಾರವಿಡೀ ಇದೇ ಯೋಚನೆ. ಗುರುವಾರ ಬೆಳಗ್ಗೆ ಅಮ್ಮ ಹಿತ್ತಲಲ್ಲಿ ದಾಸವಾಳದ ಗಿಡಕ್ಕೆ ಬಾಯಿ ಹಾಕಿದ ಕರುವನ್ನು “ಬೇಡ! ಬೇಡ!” ಅಂತ ಗದರಿಸಿದರು. ಹತ್ತು ನಿಮಿಷದ ಮೇಲೆ, ಇನ್ನೊಂದು ದೋಸೆ ಹಾಕಲಾ ಅಂದರೆ ಮಗಳು “ಬೇಡ” ಅಂದಳು. ಸಿಕ್ಕಿತು! ಗದರಿಸುವವರಿಗೂ ಅದೇ, ನಿರಾಕರಿಸುವವರಿಗೂ ಅದೇ.

ಭಾನುವಾರ ಶುರುವಿನಿಂದ ಪ್ರತಿ ‘ನೋ’ಗೂ ನಾನು ‘ಬೇಡ’ ಅಂದೆ, ಬೇರೆ ಏನನ್ನೂ ಜಾಸ್ತಿ ಹೇಳಲಿಲ್ಲ. ಇಪ್ಪತ್ತು ಸಲವಾದರೂ ಅಂದಿರಬೇಕು. ಕೊನೆಯಲ್ಲಿ ಊರಿಗೆ ಬೆಂಕಿ ಬಿದ್ದಿದೆ, ಗವರ್ನರ್ ನೆಲದ ಮೇಲಿದ್ದಾನೆ, ಗೊರಿಲ್ಲಾಗಳು ಬಂದೂಕಿನ ಹಿಂಬದಿ ಎತ್ತಿವೆ. ಆಗ ಲೀಸಾ ಅನ್ನೋ ಹೆಣ್ಣು ಚಿಂಪಾಂಜಿ ಬಾಯಿ ತೆರೆಯುತ್ತಾಳೆ. ಹೇಳಲು ನಾನು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿ ಅಮ್ಮನೇ ಮೆಲ್ಲಗೆ “ಬೇಡ” ಅಂದರು. ಕೈಯಲ್ಲಿ ಸೆರಗಿನ ತುದಿ ಮುದುಡಿ ಹಿಡಿದಿದ್ದರು.

ಇದು ಥಿಯೇಟರಿನಲ್ಲಿ ಬಂದ ಕೊನೆ. ಮೊದಲು ಚಿತ್ರೀಕರಿಸಿದ್ದು ಇನ್ನೂ ಕ್ರೂರವಾಗಿತ್ತು. ಮುಂಚಿತವಾಗಿ ನೋಡಿದ ಪ್ರೇಕ್ಷಕರು ತಡೆದುಕೊಳ್ಳಲಿಲ್ಲ ಅಂತ ಬಂಡೆದ್ದ ವಾನರರ ನಾಯಕ ಸೀಸರ್‌ನ ಕಣ್ಣಿನ ಕ್ಲೋಸಪ್ ಮೇಲೆ, ಇಲ್ಲಿ ಆ ಪಾತ್ರ ಮಾಡಿದ ಮ್ಯಾಕ್‌ಡವಲ್ ಅವರ ಹೊಸ ಮಾತು ಕೂಡಿಸಿ ಬದಲಾಯಿಸಿದರು. ಹಳೇ ಕೊನೆಯೂ ಬ್ಲೂ-ರೇಯಲ್ಲಿದೆ. ಮಂಗಳವಾರ ರಾತ್ರಿ ಭಾವನಿಗೆ ಒಬ್ಬರಿಗೇ ಅದನ್ನು ಹಾಕಿದೆ. ಅದರಲ್ಲಿ ಲೀಸಾ ಮಾತಾಡುವುದಿಲ್ಲ. ಅವರು “ಇದೇ ನಿಜ ಅನ್ಸುತ್ತೆ, ಆದ್ರೆ ಅತ್ತೆಗೆ ತೋರಿಸಬೇಡ” ಅಂದರು. ನನ್ನ ಮಟ್ಟಿಗೆ ಲೀಸಾ ಇರುವುದೇ ಮೊದಲು, ಇನ್ನೊಂದನ್ನು ಆಮೇಲೆ ನೋಡಬೇಕು.

ಐದನೆಯದು ಸಾಧಾರಣ. ಆದರೆ ಅಲ್ಲಿ ಮನುಷ್ಯರು ವಾನರರಿಗೆ ‘ನೋ’ ಅನ್ನಬಾರದು ಅಂತ ಕಾನೂನೇ ಇದೆ, ಹಾಗಾಗಿ ನನ್ನ ‘ಬೇಡ’ ಅಲ್ಲೂ ನಡೆಯಿತು.

1974ರ ಟಿವಿ ಸರಣಿಯೂ ಇದೆ, 14 ಕಂತು, ಮತ್ತೆ ಮ್ಯಾಕ್‌ಡವಲ್. ಅದರ ಡಿಸ್ಕ್ ಮೊನ್ನೆ ಬಂತು, ಈ ಸಲ ರೀಜನ್ ಕೇಳಿಯೇ ತರಿಸಿದೆ. ದುಡ್ಡು ಭಾವ ಕೊಟ್ಟರು. ಪಾರ್ಸೆಲ್ ಬಿಚ್ಚುವ ಮೊದಲೇ ಮಗಳು ಖಾಕಿ ಕಾಗದ, ಗೋಂದು ತಂದು ಕೂತಿದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬೆರಳಲ್ಲೇ ಅಂಚು ತಡವಿ ಬೈಂಡ್ ಹಾಕಿದಳು. ಒಂದು ಮೂಲೆ ಸೊಟ್ಟಗಾಗಿದೆ. ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.