ಒಂಬತ್ತು ಮೀಟರ್ ದೂರ, ತೊಂಬತ್ತು ಟನ್ ಭಾರ

ಬಯಲುಸೀಮೆಯ ಒಂದು 220 ಕಿಲೋವೋಲ್ಟ್ ವಿದ್ಯುತ್ ಸ್ವೀಕರಣಾ ಕೇಂದ್ರದಲ್ಲಿ, ಎಣ್ಣೆ ತೆಗೆದು ಒಣ ಸಾರಜನಕ ತುಂಬಿಸಿದ್ದರೂ ಸುಮಾರು 90 ಟನ್ ತೂಗುತ್ತಿದ್ದ ಟ್ರಾನ್ಸ್‌ಫಾರ್ಮರನ್ನು ಟ್ರೇಲರಿನಿಂದ ಅದರ ಕಟ್ಟೆಯ ಮೇಲಕ್ಕೆ ಸರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಕ್ಕದಲ್ಲೇ ವಿದ್ಯುತ್ ಹರಿಯುತ್ತಿದ್ದ ತಂತಿಗಳಿದ್ದುದರಿಂದ ಕ್ರೇನಿನ ಮಾತೇ ಇರಲಿಲ್ಲ. ಸ್ಲೀಪರ್‌ಗಳ (ಹಳಿಯ ಅಡಿಗೆ ಹಾಕುವ ದಿಮ್ಮಿಗಳ) ಮೇಲೆ ಎರಡು ಹಳಿ ಹಾಸಿ, ಗ್ರೀಸ್ ಬಳಿದು, ಹೈಡ್ರಾಲಿಕ್ ಜಾಕಿಗಳಿಂದ ತಳ್ಳಬೇಕಿತ್ತು.

ತಳ್ಳಲು ಬೇಕಾದ ಬಲದ ಲೆಕ್ಕ ಸುಲಭ. ಗ್ರೀಸ್ ಹಚ್ಚಿದ ಉಕ್ಕಿನ ಮೇಲೆ ಉಕ್ಕು ಜಾರಲು ತೂಕದ ಶೇ. 15ರಷ್ಟು ಎಂದು ಹಿಡಿದರೆ 13.5 ಟನ್, ನೂರಕ್ಕೆ ಒಂದರಷ್ಟು ಏರು ಇದ್ದರೆ ಇನ್ನೂ 0.9 ಟನ್. ಆದ್ದರಿಂದ 25 ಟನ್ನಿನ ಎರಡು ಜಾಕಿಗಳು ಧಾರಾಳವಾಗಿ ಸಾಕಿದ್ದವು. ವಿಂಚಿನಿಂದ, ಅಂದರೆ ಉಕ್ಕಿನ ಹಗ್ಗ ಸುತ್ತಿ ಎಳೆಯುವ ಯಂತ್ರದಿಂದ, ಎಳೆಯೋಣವೆಂದವರೂ ಇದ್ದರು, ನಾನು ಒಪ್ಪಲಿಲ್ಲ. ಉಕ್ಕಿನ ಹಗ್ಗ ಮೊದಲು ಹಿಗ್ಗಿ ಶಕ್ತಿಯನ್ನು ಒಳಗೆ ಕೂಡಿಸಿಕೊಳ್ಳುತ್ತದೆ. ಭಾರವನ್ನು ಹೊರಡಿಸಲು ಬೇಕಾದ ಬಲಕ್ಕಿಂತ ಹೊರಟ ಮೇಲೆ ಬೇಕಾದ ಬಲ ಕಡಿಮೆಯಾದ್ದರಿಂದ, ಹೊರಟ ಭಾರ ಒಮ್ಮೆಗೇ ಜಿಗಿಯುತ್ತದೆ. ಒಳಗಿನ ಸುರುಳಿಗಳು ಅಂಥ ಹೊಡೆತವನ್ನು ಸಹಿಸುವುದಿಲ್ಲ.

ನಾನು ತಪ್ಪಿದ್ದು ನೆಲದ ವಿಷಯದಲ್ಲಿ. ಎರಡೂ ಹಳಿಗಳ ಮೇಲೆ 100 ಮಿಲಿಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆದು, ಎರಡೂ ಬದಿಯ ಖಲಾಸಿಗಳು ಗೆರೆ ದಾಟಿದಾಗಲೆಲ್ಲ ಅಂಕಿ ಕೂಗಬೇಕೆಂದು ಹೇಳಿದ್ದೆ. ನಾಲ್ಕು ಮೀಟರ್ ದಾಟುವವರೆಗೆ ಕೂಗುಗಳು ಜೊತೆಯಾಗಿ ಕೇಳುತ್ತಿದ್ದವು. ಆಮೇಲೆ ಎಡಗಡೆಯ ಕೂಗು ತಡವಾಗತೊಡಗಿತು. ಪಂಪು ನಿಲ್ಲಿಸಿ ರಸಮಟ್ಟ ಇಟ್ಟು ನೋಡಿದರೆ ಎಡ ಹಳಿ 8 ಮಿಲಿಮೀಟರ್ ಕುಸಿದಿತ್ತು. ಹಿಂದೆ ಕೇಬಲ್ಲಿಗಾಗಿ ತೋಡಿದ್ದ ಕಾಲುವೆಯನ್ನು ಸಡಿಲ ಮಣ್ಣಿನಿಂದ ಮುಚ್ಚಿದ್ದರು. ಮೇಲಿನ ಜಲ್ಲಿಯನ್ನು ಸರಿಸಿ ನೋಡದೆ ನಾನು ಸ್ಲೀಪರ್ ಹಾಸಿಸಿದ್ದೆ.

ಎಡ ಜಾಕಿಗೆ ಒತ್ತಡ ಹೆಚ್ಚಿಸಿ ಸೊಟ್ಟ ತಿದ್ದಬಹುದೆಂದು ಹಿರಿಯ ಮೇಸ್ತ್ರಿಯೇ ಸೂಚಿಸಿದರು. ಕುಸಿದ ಹಳಿಯ ಮೇಲೆ ಹಾಗೆ ಮಾಡಿದರೆ ಭಾರ ಹಳಿಯನ್ನೇ ಪಕ್ಕಕ್ಕೆ ಒದೆಯುವ ಅಪಾಯವಿತ್ತು. ಬದಲಿಗೆ, ಟ್ರಾನ್ಸ್‌ಫಾರ್ಮರಿನ ಹೊರಕವಚವಾದ ಟ್ಯಾಂಕಿನಲ್ಲಿ ಜಾಕಿ ಕೊಡಲೆಂದೇ ಇರುವ ಪಾದಗಳಿಗೆ ಎತ್ತುವ ಜಾಕಿ ಕೊಟ್ಟು, ಒಂದು ಸಲಕ್ಕೆ ಒಂದೇ ತುದಿಯನ್ನು ಎತ್ತುತ್ತ, ಎತ್ತಿದಷ್ಟೂ ಕೆಳಗೆ ಉಕ್ಕಿನ ತಗಡು ಸೇರಿಸುತ್ತ ಹೋದೆವು. ಜಾಕಿಯ ಸೀಲು ಹರಿದರೂ ಭಾರ ಒಂದು ತಗಡಿನ ದಪ್ಪಕ್ಕಿಂತ ಹೆಚ್ಚು ಬೀಳಬಾರದು. ಈ ಜಾಕಿಗಳಿಗೂ ಗಟ್ಟಿ ನೆಲವೇ ಬೇಕಾದ್ದರಿಂದ ಅವುಗಳ ಅಡಿಗೆ ಕಾಲುವೆಯ ಎರಡೂ ದಡಗಳನ್ನು ಹಾಯುವಂತೆ ಉದ್ದದ ತೊಲೆಗಳನ್ನಿಟ್ಟೆವು. ನಂತರ ಸಡಿಲ ಮಣ್ಣನ್ನು ತೆಗೆದು, ಜಲ್ಲಿ ತುಂಬಿ ದಮ್ಮಸು ಮಾಡಿ, ಸ್ಲೀಪರ್‌ಗಳನ್ನು ಅಡ್ಡ-ಉದ್ದ ಎರಡು ವರಸೆ ಜೋಡಿಸಿ ಹಳಿಯನ್ನು ಮಟ್ಟಕ್ಕೆ ತಂದೆವು. ಇಷ್ಟಕ್ಕೆ ಒಂದು ಹಗಲು ಪೂರ್ತಿ ಹಿಡಿಯಿತು.

ಮರುದಿನ ಉಳಿದ ಐದು ಮೀಟರ್ ಊಟದ ಹೊತ್ತಿಗೆಲ್ಲ ಮುಗಿಯಿತು. ಕಟ್ಟೆಯ ನಡುಗೆರೆಗೆ ಸರಿಯಾಗಿ ಇಳಿಸಿದ ಮೇಲೆ, ಟ್ಯಾಂಕಿಗೆ ಕಟ್ಟಿದ್ದ ಆಘಾತಮಾಪಕದ ದಾಖಲೆಯನ್ನು ಮೇಸ್ತ್ರಿಯವರೇ ಮೊದಲು ಕೇಳಿ ನೋಡಿದರು. ಮಿತಿ ಮೀರಿದ ಗೆರೆ ಒಂದೂ ಇರಲಿಲ್ಲ.